ತಂಗಿಯ ಲೆಕ್ಕಕ್ಕೆ ಹೋದ ನನ್ನ ನೋವುಗಳು

ನನ್ನ ತಂಗಿ ನಿದ್ದೆ ಮಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿದದ್ದು ಆಸ್ಪತ್ರೆಯಲ್ಲಿ. ಅವಳ ಕರುಳಿನೊಳಗೆ ಕ್ಯಾಮೆರಾ ಕಳಿಸಿ ನೋಡಿ ಮುಗಿಸಿ, ಗಾಲಿಮಂಚದ ಮೇಲೆ ಆಚೆ ತಂದು ನಿಲ್ಲಿಸಿದ್ದರು. ಬಾಯಿ ಅರೆಬರೆ ತೆರೆದಿತ್ತು, ಕೆನ್ನೆ ಕೆಂಪಗಿತ್ತು. ಅವಳ ಗಂಡ ಹೊದಿಕೆಯನ್ನು ಗದ್ದದವರೆಗೂ ಎಳೆದು, ಕಾಲಿನ ಕಡೆ ಮಡಿಸಿ, ಮತ್ತೆ ಗದ್ದದವರೆಗೂ ಎಳೆಯುತ್ತಿದ್ದ. ಐವತ್ತು ದಾಟಿದ ಹೆಂಗಸಿನ ಮುಖದಲ್ಲಿ ಇಷ್ಟೊಂದು ನೆಮ್ಮದಿ ಇರಬಾರದು ಅನ್ನಿಸಿತು ನನಗೆ. ಇನ್ನು ಸ್ವಲ್ಪ ಹೊತ್ತಿಗೆ ಅದೇ ಕೋಣೆಗೆ, ಅದೇ ಪರೀಕ್ಷೆಗೆ ನಾನು ಹೋಗಬೇಕಿತ್ತು. ಅವಳಿಗೆ ಪೂರ್ತಿ ನಿದ್ದೆ, ನನಗೆ ಪೂರ್ತಿ ಎಚ್ಚರ ಎಂದು ಆಗಲೇ ತೀರ್ಮಾನವಾಗಿತ್ತು. ಅದು ಹೇಗೆ ತೀರ್ಮಾನವಾಯಿತು ಎಂದು ಹೇಳಬೇಕಾದರೆ, ನಮ್ಮ ಮನೆಯಲ್ಲಿ ನೋವನ್ನು ಹೇಗೆ ಹಂಚುತ್ತಿದ್ದರು ಎಂದು ಮೊದಲು ಹೇಳಬೇಕು.

ನಾವು ಮೈಸೂರಿನ ಲಷ್ಕರ್ ಮೊಹಲ್ಲಾದ ಹಳೆಯ ಕ್ರೈಸ್ತ ಕುಟುಂಬದವರು. ಭಾನುವಾರದ ಪೂಜೆ, ಸಂಜೆಯ ಜಪಸರ ಇವುಗಳ ಜೊತೆಗೆ ಅಮ್ಮ ನಮಗೆ ಕಲಿಸಿದ ಇನ್ನೊಂದು ವಿಷಯವೆಂದರೆ ಒಪ್ಪಿಸುವುದು. ಪಾಠ ಒಪ್ಪಿಸುವುದಲ್ಲ, ನೋವು ಒಪ್ಪಿಸುವುದು. ಮೈಗೆ ನೋವು ಬಂದರೆ ಅದನ್ನು ಯೇಸುಸ್ವಾಮಿಗೆ ಕಾಣಿಕೆಯಾಗಿ ಕೊಟ್ಟುಬಿಡಬೇಕು. ಅದರ ಬದಲಿಗೆ ಇನ್ನೊಬ್ಬರಿಗೆ ಒಳ್ಳೆಯದನ್ನು ಬೇಡಬೇಕು. "ಸುಮ್ನೆ ಅತ್ರೆ ನೋವು ದಂಡ ಕಣೇ. ಒಪ್ಪಿಸ್ಬುಡು" ಎನ್ನುತ್ತಿದ್ದಳು ಅಮ್ಮ. ಮಿಕ್ಕಿದ ಅನ್ನವನ್ನೂ ದಂಡ ಮಾಡದವಳು, ನೋವನ್ನು ಬಿಡುತ್ತಾಳೆಯೇ? ಈ ಪದ್ಧತಿಯ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ನನ್ನ ತಕರಾರು ಹಂಚಿಕೆಯ ಬಗ್ಗೆ. ನೋವು ಯಾವಾಗಲೂ ನನ್ನದು, ಒಳ್ಳೆಯದು ಯಾವಾಗಲೂ ತಂಗಿಯದು.

ನನ್ನ ದವಡೆಹಲ್ಲು ಹುಳುಕಾಗಿ ಮುಖ ಊದಿಕೊಂಡ ವರ್ಷ ತಂಗಿ ಏಳನೇ ಕ್ಲಾಸಿನ ಪರೀಕ್ಷೆಗೆ ಕೂತಿದ್ದಳು. ಲೆಕ್ಕವೆಂದರೆ ಅವಳಿಗೆ ಜ್ವರ ಬರುತ್ತಿತ್ತು. "ನಿನ್ನ ಹಲ್ಲುನೋವನ್ನ ಅವ್ಳ ಲೆಕ್ಕದ ಪೇಪರ್‌ಗೆ ಒಪ್ಪಿಸು" ಎಂದಳು ಅಮ್ಮ. ಕೆನ್ನೆ ಹಿಡಿದುಕೊಂಡು ಒಪ್ಪಿಸಿದೆ. ಅವಳು ಪಾಸಾಗಿ ಹೊಸ ಲಂಗ ಹೊಲಿಸಿಕೊಂಡಳು. ಮುಂದೆ ನಾನು ಹೊಲಿಗೆ ಕಲಿಯುವಾಗ ಮೆಷಿನ್ನಿನ ಸೂಜಿ ತೋರುಬೆರಳಿಗೆ ನಾಟಿ ಉಗುರಿನ ಈಚೆಗೆ ಬಂತು. ಆವತ್ತು ಅವಳಿಗೆ ಟೀಚರ್ ಕೆಲಸದ ಇಂಟರ್‌ವ್ಯೂ. ರಕ್ತ ಒರೆಸುತ್ತಾ ಅಮ್ಮ ಅದನ್ನೇ ಜ್ಞಾಪಿಸಿದಳು. ಕೆಲಸ ಸಿಕ್ಕಿತು. ನನ್ನ ಹೆರಿಗೆ ಹಗಲೂ ರಾತ್ರಿ ಎಳೆಯಿತು. ತಂಗಿಗೆ ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ನನ್ನ ಬೆವರು ಒರೆಸುತ್ತಿದ್ದ ಅಮ್ಮ ಕಿವಿಯ ಹತ್ತಿರ ಬಾಗಿ, "ಇದು ದೊಡ್ ನೋವು ಮಗಾ. ಇದಕ್ಕೆ ದೊಡ್ದನ್ನೇ ಕೇಳ್ಬೌದು" ಎಂದಳು. ಕೇಳಿದೆ. ವರ್ಷ ತಿರುಗುವುದರೊಳಗೆ ತಂಗಿಗೆ ಮಗುವಾಯಿತು. ಆ ಮಗುವಿನ ದೀಕ್ಷಾಸ್ನಾನಕ್ಕೆ ಬಿಳಿ ಜುಬ್ಬ ಹೊಲಿದು ಕೊಟ್ಟವಳೂ ನಾನೇ.

ಹಾಗಾದರೆ ತಂಗಿಗೆ ನೋವೇ ಬರುತ್ತಿರಲಿಲ್ಲವೇ? ಬರುತ್ತಿತ್ತು. ಅದಕ್ಕೆ ಔಷಧಿಯೂ ಬರುತ್ತಿತ್ತು. ಅವಳ ಹಲ್ಲಿಗೆ ಲವಂಗದ ಎಣ್ಣೆ, ಅವಳ ಹೊಟ್ಟೆಗೆ ಬಿಸಿನೀರಿನ ಶಾಖ, ಅವಳ ತಲೆಗೆ ಅಮ್ಮನ ತೊಡೆ. ಅವಳ ಒಂದು ನೋವನ್ನಾದರೂ ನನಗಾಗಿ ಯಾರೂ ಒಪ್ಪಿಸಿದ್ದನ್ನು ನಾನು ಕಂಡಿಲ್ಲ. ಕೇಳಿದರೆ ಅಮ್ಮನ ಹತ್ತಿರ ಉತ್ತರ ಸಿದ್ಧವಾಗಿರುತ್ತಿತ್ತು: "ಅವ್ಳು ಸೂಕ್ಷ್ಮ ಕಣೇ. ನೀನು ಗಟ್ಟಿಗಿತ್ತಿ." ಗಟ್ಟಿಗಿತ್ತಿ ಎಂಬ ಮಾತನ್ನು ಹೊಗಳಿಕೆ ಅಂದುಕೊಂಡು ಬಹಳ ಕಾಲ ಸೆರಗಿಗೆ ಕಟ್ಟಿಕೊಂಡು ಓಡಾಡಿದೆ. ನಿನಗೆ ಏನೂ ಕೊಡಬೇಕಾಗಿಲ್ಲ ಎಂಬುದಕ್ಕೆ ಅದು ಇನ್ನೊಂದು ಹೆಸರು ಎಂದು ತಿಳಿಯುವಷ್ಟರಲ್ಲಿ ತಲೆ ನರೆತಿತ್ತು.

ಈಗ ಅವಳು ಬನ್ನಿಮಂಟಪದಲ್ಲಿ ಮಹಡಿ ಮನೆಯಲ್ಲಿದ್ದಾಳೆ. ದಸರಾ ಪಂಜಿನ ಕವಾಯತಿನ ದಿನ ನಂಟರಿಷ್ಟರೆಲ್ಲ ಅವಳ ಮನೆಯ ತಾರಸಿಯ ಮೇಲೆಯೇ. ಚಕ್ಕುಲಿ ಡಬ್ಬ ಹೊತ್ತು ಮೆಟ್ಟಿಲು ಹತ್ತುವವಳು ನಾನು. ನನ್ನ ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮಗಳು ಮದುವೆಯಾಗಿ ಮಂಡ್ಯದಲ್ಲಿದ್ದಾಳೆ. ಅಮ್ಮ ನನ್ನ ಜೊತೆ, ಮೊಹಲ್ಲಾದ ಹಳೇ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ.

ಅಪ್ಪ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಮಕ್ಕಳೂ ಒಮ್ಮೆ ಕರುಳು ತೋರಿಸಿಕೊಳ್ಳುವುದು ಒಳ್ಳೆಯದು ಎಂದು ಡಾಕ್ಟರು ಆಗಲೇ ಹೇಳಿದ್ದರು. ನಾವಿಬ್ಬರೂ ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದೆವು. ಕೊನೆಗೆ ತಂಗಿಯ ಗಂಡ ಇಬ್ಬರಿಗೂ ಒಂದೇ ದಿನ ಗೊತ್ತುಮಾಡಿದ. ಹೆಂಡತಿಯನ್ನು ಹೇಗಿದ್ದರೂ ಕರೆದುಕೊಂಡು ಹೋಗಬೇಕು, ದಾರಿಯಲ್ಲಿ ಅಕ್ಕನನ್ನೂ ಹತ್ತಿಸಿಕೊಂಡರಾಯಿತು ಎಂದು. ಹಾಗೆಂದು ಅವನು ಹೇಳಲಿಲ್ಲ. ಹಾಗೆಂದು ನನಗೆ ಕೇಳಿಸಿತು.

ಹಿಂದಿನ ದಿನ ಕರುಳು ತೊಳೆಯುವ ಪುಡಿಯನ್ನು ನೀರಿಗೆ ಕಲಸಿ ಕುಡಿಯಬೇಕು. ಉಪ್ಪುಪ್ಪು, ವಾಕರಿಕೆ. ಸಂಜೆ ತಂಗಿಯ ಫೋನು. "ಅಕ್ಕ, ನಮ್ಮನೆಯವ್ರು ಫ್ರಿಜ್ಜಲ್ಲಿಟ್ಟು ತಣ್ಣಗ್ ಮಾಡಿ ನಿಂಬೆಹಣ್ಣು ಹಿಂಡ್ಕೊಟ್ರು ಕಣೇ. ಆದ್ರೂ ಆಗ್ತಿಲ್ಲ. ನೀನೆಂಗ್ ಕುಡ್ದೆ?" ನಾನು ಚೊಂಬಿನಲ್ಲಿ ಕಲಸಿ, ಮೂಗು ಹಿಡಿದು, ನಿಂತುಕೊಂಡೇ ಕುಡಿದಿದ್ದೆ. "ಚೆನ್ನಾಗಿತ್ತು" ಎಂದೆ. ಅಷ್ಟರಲ್ಲಿ ಮತ್ತೆ ಬಚ್ಚಲಿಗೆ ಓಡಬೇಕಾಗಿ ಬಂದು ಫೋನಿಟ್ಟೆ.

ಬೆಳಿಗ್ಗೆ ಹೊರಡುವಾಗ ಅಮ್ಮ ಮಂಚದ ಮೇಲೆ ಕೂತು ಜಪಸರ ಹಿಡಿದಿದ್ದಳು. ನಿದ್ದೆ ಬರಿಸುವ ಇಂಜೆಕ್ಷನ್ ಕೊಡುತ್ತಾರಂತೆ ಎಂದು ತಂಗಿ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದಳು. "ನಿಂಗ್ಯಾಕೆ ಇಂಜೆಕ್ಷನ್ನು? ನೀನು ತಡ್ಕೋತೀಯ ಬುಡು" ಎಂದಳು ಅಮ್ಮ. "ಅವ್ಳಿಗೆ ಒಳಗೇನೂ ಕೆಟ್ಟದ್ದು ಇರ್ದೇ ಇರ್ಲಿ ಅಂತ ಒಪ್ಪಿಸ್ಬುಡು." ನನ್ನ ಹಣೆಗೆ ಶಿಲುಬೆ ಗುರುತು ಹಾಕಿದಳು. ನನ್ನ ಒಳಗೆ ಏನಾದರೂ ಇದ್ದರೆ ಏನು ಗತಿ ಎಂಬ ಮಾತು ಬಾಯಿಗೆ ಬಂತು. ಹೊರಗೆ ಕಾರಿನ ಹಾರನ್ ಆಯಿತು, ಹೊರಟೆ.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಆಸ್ತಮಾ ಇದೆಯಾ, ಯಾವುದಾದರೂ ಔಷಧಿ ಒಗ್ಗುವುದಿಲ್ಲವಾ, ಹಲ್ಲು ಕಟ್ಟಿಸಿದ್ದೀರಾ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಗೆ ಹೊಟ್ಟೆ ಉರಿ ಏನಾದ್ರೂ ಇದೆಯಾಮ್ಮ?" ಎಂದಳು. ನನಗೆ ಎದೆ ಧಸಕ್ಕೆಂದಿತು. ಮುಖ ನೋಡಿಯೇ ಗೊತ್ತಾಗುತ್ತದೆಯೇ ಎಂದುಕೊಂಡು, "ಯಾರ್ ಮೇಲೆ?" ಎಂದುಬಿಟ್ಟೆ. ಡಾಕ್ಟರಮ್ಮ ನಗು ತಡೆದುಕೊಂಡು, "ಅಲ್ಲಮ್ಮ, ಊಟ ಆದ್ಮೇಲೆ ಉರಿ, ಹುಳಿತೇಗು, ಅಂಥದ್ದು" ಎಂದಳು. ತಂಗಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ಎಷ್ಟು ಅರ್ಥವಾಯಿತೋ ನನಗೆ ಗೊತ್ತಿಲ್ಲ.

ಆಮೇಲೆ ಇಂಜೆಕ್ಷನ್ನಿನ ಮಾತು ಬಂತು. ಪೂರ್ತಿ ನಿದ್ದೆ ಬೇಕಾದರೆ ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ನಿಂತು ಕೊಡುತ್ತಾರೆ, ಏನೂ ಗೊತ್ತಾಗುವುದಿಲ್ಲ. ಇಲ್ಲವಾದರೆ ಮಂಪರಿಗೆ ಒಂದು, ನೋವಿಗೆ ಒಂದು ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಮಾತಾಡಿಸಿದರೆ ಓಗೊಡಬಹುದು, ನೋವು ಮಾತ್ರ ಅಷ್ಟಾಗಿ ತಟ್ಟುವುದಿಲ್ಲ. ಕೆಲವರು ಏನೂ ಬೇಡ ಎಂದು ಹಾಗೆಯೇ ಮಾಡಿಸಿಕೊಳ್ಳುವುದೂ ಉಂಟು. ಇಂಜೆಕ್ಷನ್ ತೆಗೆದುಕೊಂಡರೆ ಮನೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು ಇರಲೇಬೇಕು, ಆವತ್ತೆಲ್ಲ ಗಾಡಿ ಓಡಿಸಬಾರದು, ಮೆಷಿನ್ ಮುಟ್ಟಬಾರದು. "ನಂಗೆ ಪೂರ್ತಿ ನಿದ್ದೆ ಡಾಕ್ಟ್ರೇ" ಎಂದಳು ತಂಗಿ. ನಾನು ಬಾಯಿ ತೆರೆಯುವ ಮುಂಚೆಯೇ, "ನಮ್ಮಕ್ಕಂಗೆ ಏನೂ ಬೇಡ. ಅವ್ಳಿಗೆ ನೋವೇ ಆಗಲ್ಲ" ಎಂದೂ ಸೇರಿಸಿದಳು. ಪ್ರೀತಿಯಿಂದಲೇ ಹೇಳಿದಳು. ಮೈಯೆಲ್ಲಾ ಉರಿದುಹೋಯಿತು.

ಡಾಕ್ಟರಮ್ಮ ಅವಳ ಮಾತನ್ನು ಒಪ್ಪಿಕೊಳ್ಳಲಿಲ್ಲ. "ನೀವೇ ಹೇಳ್ಬೇಕಮ್ಮ" ಎಂದು ನನ್ನ ಮುಖ ನೋಡಿದಳು. ಬೇಕು ಎಂದರೆ ತಂಗಿಯನ್ನು ನೋಡಿ ಆಸೆಪಟ್ಟ ಹಾಗಾಗುತ್ತದೆ. ಬೇಡ ಎಂದರೆ ಇಷ್ಟು ವರ್ಷ ಹೇಳಿದ್ದನ್ನೇ ಹೇಳಿದ ಹಾಗಾಗುತ್ತದೆ. ಅಭ್ಯಾಸ ಗೆದ್ದಿತು. "ಬೇಡ" ಎಂದೆ. "ಸರಿ. ಕೈಗೆ ಸೂಜಿ ಅಂತೂ ಹಾಕಿರ್ತೀವಿ. ಮಧ್ಯದಲ್ಲಿ ಯಾವಾಗ ಬೇಕನ್ಸಿದ್ರೂ ಹೇಳಿ, ಆಗ್ಲೇ ಕೊಡ್ತೀವಿ" ಎಂದಳು.

ಹೀಗೆ ತಂಗಿ ಮೊದಲು ಒಳಗೆ ಹೋಗಿ, ಏನೂ ಅರಿಯದೆ ಮಲಗಿ, ಏನೂ ಅರಿಯದೆ ಹೊರಗೆ ಬಂದಳು. ಅವಳ ಗಂಡ ಡಾಕ್ಟರ ಹತ್ತಿರ ಮಾತಾಡಿ ಬಂದು, ಒಳಗೆ ಉದ್ದಿನಕಾಳಿನಷ್ಟು ಒಂದು ಗಂಟು ಸಿಕ್ಕಿತೆಂದೂ, ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆಂದೂ ಹೇಳಿದ. ಬಹಳ ಮಟ್ಟಿಗೆ ಏನೂ ಇರುವುದಿಲ್ಲ, ಆದರೂ ರಿಪೋರ್ಟು ಬರುವವರೆಗೆ ಕಾಯಬೇಕಂತೆ. ಹೇಳುತ್ತಲೇ ಮತ್ತೆ ಅವಳ ಹೊದಿಕೆ ಎಳೆಯಲು ಹೋದ. ನನಗೂ ಹೆದರಿಕೆಯಾಯಿತು. ಹೆದರಿಕೆಯ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ಇದೂ ಅವಳಿಗೇ. ಇನ್ನು ಅಮ್ಮ, ನಂಟರು, ಚರ್ಚಿನ ಗುರುಗಳು ಎಲ್ಲರೂ ಬನ್ನಿಮಂಟಪದ ಕಡೆಗೇ ಮುಖ ಮಾಡುತ್ತಾರೆ. ಉದ್ದಿನಕಾಳಿನಷ್ಟು ಗಂಟಿನ ಮೇಲೂ ಅಸೂಯೆಪಡುವ ಹೆಂಗಸು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು.

ನನ್ನ ಸರದಿ ಬಂತು. ಎಡಮಗ್ಗುಲಿಗೆ ಮಲಗಿ ಮೊಣಕಾಲು ಮಡಿಸಿಕೊಳ್ಳಲು ಹೇಳಿದರು. ಶುರುವಿನಲ್ಲಿ ನಾಚಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಎದುರಿನ ಪರದೆಯ ಮೇಲೆ ನನ್ನ ಒಳಗು ಗುಲಾಬಿ ಬಣ್ಣದಲ್ಲಿ ತೆರೆದುಕೊಳ್ಳುತ್ತಾ ಹೋಯಿತು. ದಾರಿ ಕಾಣಲೆಂದು ಕರುಳಿಗೆ ಗಾಳಿ ತುಂಬುತ್ತಾರೆ. ಹೊಟ್ಟೆ ಬಿರಿಯುವ ಹಾಗೆ ಉಬ್ಬಿತು. "ಗಾಳಿ ಬಂದ್ರೆ ಬಿಟ್ಬಿಡಿ ಅಮ್ಮ, ಇಲ್ಲಿ ಯಾರೂ ನಾಚ್ಕೊಳಲ್ಲ" ಎಂದಳು ನರ್ಸಮ್ಮ. ಅಷ್ಟು ಜನರ ಮುಂದೆ ಹೇಗೆ ಬಿಡುವುದು? ತಡೆದುಕೊಂಡೆ. ತಡೆದುಕೊಂಡಷ್ಟೂ ಜಾಸ್ತಿಯಾಯಿತು. ಆಮೇಲೆ ಕರುಳು ತಿರುಗುವ ಜಾಗ ಬಂತು. ಕೊಳವೆ ಆ ತಿರುವನ್ನು ನೂಕಿಕೊಂಡು ಹೋಗುವಾಗ ಒಳಗಿನಿಂದ ಯಾರೋ ಹಿಡಿದು ಹಿಂಡಿದ ಹಾಗಾಯಿತು. ಹೆರಿಗೆಯ ನೋವಿಗೆ ಬಿಡುವು ಇರುತ್ತಿತ್ತು. ಇದಕ್ಕೆ ಬಿಡುವಿಲ್ಲ.

ನನ್ನನ್ನು ಕೇಳದೆಯೇ ನನ್ನ ಬಾಯಿ ಹಳೆಯ ಮಾತನ್ನು ಶುರುಮಾಡಿತು. ಸ್ವಾಮೀ, ಇದನ್ನು ನಿನಗೆ ಒಪ್ಪಿಸುತ್ತೇನೆ, ನನ್ನ ತಂಗಿಯ ರಿಪೋರ್ಟು... ಅಲ್ಲಿಗೆ ನಿಂತಿತು. ನಿಲ್ಲಿಸಿದ್ದು ನಾನೇ. ಆಚೆ ಅವಳು ಹೊದಿಕೆಯೊಳಗೆ ಬೆಚ್ಚಗೆ ಮಲಗಿದ್ದಾಳೆ, ಅವಳ ಗಂಟಿಗೂ ನನ್ನ ಕರುಳೇ ಹಿಂಡಬೇಕೇ? ಇನ್ನೂ ಎಷ್ಟು ಅಂತ? ಆದರೆ ಈ ನೋವನ್ನು ಕೊಡದೆ ಹೋಗಿ, ಆ ಉದ್ದಿನಕಾಳು ಕೆಟ್ಟದ್ದೇ ಆಗಿಬಿಟ್ಟರೆ? ಅಪ್ಪನ ಕೊನೆಯ ದಿನಗಳು ಕಣ್ಣಮುಂದೆ ಬಂದವು. ಇಂಜೆಕ್ಷನ್ ಕೇಳಿದರೆ ತಂಗಿಯನ್ನು ಕೈಬಿಟ್ಟ ಹಾಗೆ. ಕೇಳದಿದ್ದರೆ ನನ್ನನ್ನು ನಾನೇ ಕೈಬಿಟ್ಟ ಹಾಗೆ. ಕೊಳವೆ ಇನ್ನೊಂದು ಸಲ ತಿರುಗಿತು. "ನಂಗೂ" ಎಂದೆ.

"ಏನಮ್ಮ?" ಎಂದಳು ಡಾಕ್ಟರಮ್ಮ.

"ನಂಗೂ ಕೊಡಿ. ಇಂಜೆಕ್ಷನ್ನು. ನಂಗೂ ಬೇಕು." ಚಿಕ್ಕ ಮಗು ಮಿಠಾಯಿ ಕೇಳಿದ ಹಾಗೆ ಅಳುತ್ತಾ ಕೇಳಿದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು ಇರಬೇಕು. ಅವಳು ಕೊಳವೆ ತಳ್ಳುವುದನ್ನು ಆ ಕ್ಷಣವೇ ನಿಲ್ಲಿಸಿದಳು. ಗಟ್ಟಿಗಿತ್ತಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ನರ್ಸಮ್ಮ ಸೂಜಿಯ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

ತೋಳಿನೊಳಗೆ ತಣ್ಣಗೆ ಏನೋ ಹರಿಯಿತು. ಸ್ವಲ್ಪ ಹೊತ್ತಿಗೆ ಹಿಂಡುತ್ತಿದ್ದ ಕೈ ಸಡಿಲವಾಯಿತು. ನೋವು ಇಲ್ಲವೇ ಇಲ್ಲ ಎನ್ನುವ ಹಾಗಿರಲಿಲ್ಲ. ಇತ್ತು, ಆದರೆ ಪಕ್ಕದ ಮನೆಯವರದ್ದು ಅನ್ನಿಸುತ್ತಿತ್ತು. ಗಾಳಿಯೂ ತಾನಾಗಿ ಹೋಯಿತು, ನಾಚಿಕೆಯೂ ಅದರ ಜೊತೆ ಹೋಯಿತು. ಪರದೆಯ ಮೇಲೆ ಗುಲಾಬಿ ಬಣ್ಣ ಸರಿಯುತ್ತಿತ್ತು. ತಂಗಿ ಇಷ್ಟು ವರ್ಷ ಇದ್ದದ್ದು ಇಂಥಾ ಜಾಗದಲ್ಲಾ ಎಂದು ಯೋಚಿಸಿದ್ದು ಜ್ಞಾಪಕವಿದೆ. ಆಮೇಲಿನದು ಅಷ್ಟಾಗಿ ಜ್ಞಾಪಕವಿಲ್ಲ. ನನ್ನ ಒಳಗೆ ಏನೂ ಇಲ್ಲ, ಎಲ್ಲಾ ಶುದ್ಧವಾಗಿದೆ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದಳಂತೆ.

ಮನೆಗೆ ಬಂದಾಗ ಅಮ್ಮ ಬಾಗಿಲಿಗೇ ಬಂದಿದ್ದಳು, ಗೋಡೆ ಹಿಡಿದುಕೊಂಡು ಕುಂಟುತ್ತಾ. "ತಡ್ಕೊಂಡ್ಯಾ?" ಎಂದಳು. "ಇಲ್ಲ. ಇಂಜೆಕ್ಷನ್ ಹಾಕಿಸ್ಕೊಂಡೆ" ಎಂದೆ. ಏನಾದರೂ ಅನ್ನಲಿ, ಇವತ್ತು ಸರಿಯಾಗಿ ಕೊಡುತ್ತೇನೆ ಎಂದು ಸೆಟೆದು ನಿಂತೆ. ಅವಳು ತಲೆಯಾಡಿಸಿ ಒಳಗೆ ತಿರುಗಿದಳು. ಗಂಟಿನ ವಿಷಯ ಹೇಳಿದ ಮೇಲೆ ಜಪಸರ ಹುಡುಕಿದಳು. ಆವತ್ತು ನಮ್ಮ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದಿರಲಿಲ್ಲ. ನಾನು ಹಗಲಲ್ಲೇ ಮಲಗಿ ಕಣ್ತುಂಬ ನಿದ್ದೆ ಮಾಡಿದೆ.

ನಿದ್ದೆ ತಿಳಿದ ಮೇಲೆ ಹೆದರಿಕೆ ಹತ್ತಿತು. ರಿಪೋರ್ಟು ಬರುವವರೆಗೆ ಯಾವ ರವಿಕೆಗೂ ಕೊರಳು ಸರಿಯಾಗಿ ಕೂರಲಿಲ್ಲ. ದಿನವೂ ತಂಗಿಗೆ ಫೋನು ಮಾಡುತ್ತಿದ್ದೆ. "ಯಾಕಕ್ಕ ಇಷ್ಟ್ ತಲೆ ಕೆಡಿಸ್ಕೋತೀಯಾ?" ಎನ್ನುತ್ತಿದ್ದಳು. ನಿನಗೆ ಕೊಡಬೇಕಾದ ನೋವನ್ನು ನಾನು ಕೊಡಲಿಲ್ಲ ಕಣೇ ಎಂದು ಹೇಗೆ ಹೇಳಲಿ? ಹಲ್ಲಿಗಾಗಲಿ ತಲೆಗಾಗಲಿ ನೋವು ಬಂದರೆ ಒಪ್ಪಿಸಿಬಿಡೋಣ ಎಂದು ಕಾದೆ. ಬೇಕೆಂದಾಗ ಒಂದು ನೋವೂ ಬರಲಿಲ್ಲ.

ರಿಪೋರ್ಟು ಚೆನ್ನಾಗಿ ಬಂತು. ಕೆಟ್ಟದ್ದೇನೂ ಇಲ್ಲ, ಕೆಲವು ವರ್ಷ ಬಿಟ್ಟು ಮತ್ತೆ ನೋಡಿಸಿಕೊಂಡರೆ ಸಾಕು. ಫೋನಿನಲ್ಲಿ ತಂಗಿ ಅತ್ತಳು, ನಾನೂ ಅತ್ತೆ. ಫೋನಿಟ್ಟ ಮೇಲೆ ಮೆಷಿನ್ನಿನ ಮುಂದೆ ಕೂತವಳಿಗೆ ತುಳಿಯಲು ಮನಸ್ಸೇ ಬರಲಿಲ್ಲ. ನಾನು ಏನೂ ಕೊಡದೆಯೂ ಅವಳಿಗೆ ಒಳ್ಳೆಯದಾಗಿತ್ತು. ಹಾಗಾದರೆ ಲೆಕ್ಕದ ಪೇಪರೂ ತಾನಾಗಿಯೇ ಪಾಸಾಗುತ್ತಿತ್ತೇ? ಕೆಲಸವೂ, ಮಗುವೂ ತಾವಾಗಿಯೇ ಬರುತ್ತಿದ್ದವೇ? ಅವಳ ಬದುಕು ನಡೆದಿರುವುದೇ ನನ್ನ ನೋವಿನ ಮೇಲೆ ಎಂದು ಒಳಗೊಳಗೇ ಒಂದು ಜಂಭವಿತ್ತು. ಅದೂ ಕೈಬಿಟ್ಟುಹೋಯಿತು ಎಂದು ಬಹಳ ಸಂಕಟವಾಯಿತು.

ಆ ಸಂಕಟವನ್ನು ಅಮ್ಮನ ಮೇಲೆ ತೀರಿಸಿಕೊಳ್ಳಲು ಹಿಂದಿನ ಕೋಣೆಗೆ ಹೋದೆ. ಅವಳು ಮಂಡಿಗಳನ್ನು ಹಿಡಿದುಕೊಂಡು ಕೂತಿದ್ದಳು. ಆಸ್ಪತ್ರೆಗೆ ಹೋಗುವ ಮುನ್ನಾದಿನ ಮಂಡಿಗೆಂದು ತಂದುಕೊಟ್ಟ ನೋವಿನ ಮಾತ್ರೆಗಳು ಒಂದೂ ಕಡಿಮೆಯಾಗದೆ ಕಿಟಕಿಯಲ್ಲಿದ್ದವು. ಬೈಯಲು ಒಳ್ಳೆಯ ನೆಪ ಸಿಕ್ಕಿತು. "ರಿಪೋರ್ಟು ಬಂತು, ನಿನ್ನ ಮಗಳು ಚೆನ್ನಾಗಿದ್ದಾಳೆ. ಇನ್ನಾದ್ರೂ ಮಾತ್ರೆ ನುಂಗು. ಅವ್ಳಿಗೆ ಅಂತ ನೀನೂ ಒಪ್ಪಿಸ್ತಾ ಕೂತಿದ್ಯಾ?" ಎಂದೆ.

"ಅವ್ಳಿಗ್ಯಾಕೆ?" ಎಂದಳು ಅಮ್ಮ. "ನಿಂಗೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ನಿಂಗೆ ಅಲ್ಲಿ ನೋವಾಗ್ದೇ ಇರ್ಲಿ ಅಂತ ಆವತ್ತು ಬೆಳಗ್ಗಿಂದ ಮಾತ್ರೆ ಬುಟ್ಟಿದ್ದೆ. ನೀನು ಬಂದು ಇಂಜೆಕ್ಷನ್ ಕೊಟ್ರು ಅಂದೆ. ಸದ್ಯ, ಸ್ವಾಮಿ ಕೇಳಿಸ್ಕೊಂಡ ಅಂದ್ಕೊಂಡೆ. ಆಮೇಲೆ ನೀನ್ ಒದ್ದಾಡ್ತಾ ಇದ್ಯಲ್ಲ, ಅದಕ್ಕೇ ಇನ್ನೂ ಮುಂದುವರಿಸ್ದೆ." ಮಂಡಿ ತಿಕ್ಕಿಕೊಳ್ಳುತ್ತಾ ಇಷ್ಟನ್ನೂ ಮಾಮೂಲಿ ಮಾತಿನ ಹಾಗೆ ಹೇಳಿದಳು. "ನಿನ್ ಗಂಡ ಹೋದಾಗ್ಲಿಂದ ನನ್ ಮಂಡಿ ನಿಂದೇ ಲೆಕ್ಕ ಕಣೇ. ಅವ್ಳಿಗೆ ನೀನಿದ್ದೆ. ನಿಂಗ್ಯಾರಿದ್ರು?"

ನೀರು ತಂದು ಮಾತ್ರೆ ನುಂಗಿಸಿದೆ. ಅವಳು ಬೇಡವೆಂದಳು, ನಾನು ಬಿಡಲಿಲ್ಲ. ಆ ಜಗ್ಗಾಟದಲ್ಲಿ ಅವಳ ಸೀರೆಯ ಮೇಲೆ ಅರ್ಧ ಲೋಟ ನೀರು ಚೆಲ್ಲಿತು. ತಂಗಿಗೆ ನಾನು ಇದನ್ನು ಇವತ್ತಿನವರೆಗೂ ಹೇಳಿಲ್ಲ, ಹೇಳುವುದೂ ಇಲ್ಲ. ಗೊತ್ತಾದರೆ ನಾಳೆ ಬೆಳಿಗ್ಗೆಯೇ ಬನ್ನಿಮಂಟಪದಿಂದ ಬಂದು, ಅಮ್ಮನ ಇನ್ನೊಂದು ಮಂಡಿ ತನಗೆ ಬೇಕು ಎಂದು ಮಂಚದ ಪಕ್ಕ ಕೂರುತ್ತಾಳೆ.